ವಿಷಲ್ ಅಕ್ಕ ಟವರ್ ನೋಡಲು ಹೋದದ್ದು

ವಿಷಲ್ ಅಕ್ಕನಿಗೆ ಸಿಟ್ಟು ಬಂದರೆ ಮೊದಲು ಕಿವಿ ಕೆಂಪಾಗುತ್ತದೆ, ಆಮೇಲೆ ಮೂಗಿನ ತುದಿ, ಆಮೇಲೆ ಎದುರಿಗೆ ಸಿಕ್ಕವರ ಗ್ರಹಚಾರ! ಅವಳು ಶಾಲೆಯ ಬಸ್ಸಿನಲ್ಲಿ ಆಯಾ. ಕುತ್ತಿಗೆಗೆ ವಿಷಲ್ ನೇತುಹಾಕಿಕೊಂಡು ಬಾಗಿಲಲ್ಲಿ ನಿಂತು, ಮಕ್ಕಳನ್ನು ಹತ್ತಿಸಿ, ಇಳಿಸಿ, ಬ್ಯಾಗು ಎಳೆದಾಡುವವರನ್ನು ಬಿಡಿಸಿ, ಕೊನೆಗೆ ತಲೆ ಎಣಿಸುವುದು ಅವಳ ಕೆಲಸ. ಒಂದು ತಲೆ ಕಮ್ಮಿಯಾದರೂ ಬಸ್ಸು ಅಲ್ಲಾಡುವ ಹಾಗಿಲ್ಲ. ಒಮ್ಮೆ ಡ್ರೈವರ್ ಗಡಿಬಿಡಿಯಲ್ಲಿ ಗಾಡಿ ಎಳೆದೇಬಿಟ್ಟಾಗ ಅವಳು ಕೆಳಗೆ ಹಾರಿ ಬಸ್ಸಿನ ಮೂತಿಗೆ ಅಡ್ಡ ನಿಂತಿದ್ದಳು. ಹುಡುಕಿ ನೋಡಿದರೆ ಎಲ್‌ಕೆಜಿಯ ಪುಟಾಣಿಯೊಂದು ಬಾತ್‌ರೂಮಿನ ನಲ್ಲಿ ಬಿಟ್ಟುಕೊಂಡು ಆರಾಮಾಗಿ ನೀರಾಟ ಆಡುತ್ತಿತ್ತು. ಅವತ್ತಿನಿಂದ ಪ್ರಿನ್ಸಿಪಾಲರು ಕೂಡ ಅವಳ ಹತ್ತಿರ ಸ್ವಲ್ಪ ಮೆಲ್ಲಗೇ ಮಾತಾಡುತ್ತಾರೆ.

ಗಂಡ ಇದಕ್ಕೆ ಪೂರ್ತಿ ಉಲ್ಟಾ. ಬೈದರೂ ನಗುತ್ತಾನೆ, ಹೊಗಳಿದರೂ ಅದೇ ನಗು. ಅವನು ಟೂರ್ ಕಂಪನಿಯ ಅಡುಗೆಯವನು. ನಮ್ಮ ಜನ ಫಾರಿನ್ ನೋಡಲು ಕುಣಿದುಕೊಂಡು ಹೋಗುತ್ತಾರಲ್ಲ, ಎರಡು ದಿನ ಬ್ರೆಡ್ಡು ತಿನ್ನುವಷ್ಟರಲ್ಲಿ ಮುಖ ಜೋತುಬಿದ್ದು "ಒಂದು ತುತ್ತು ಬಿಸಿ ಅನ್ನ ಸಿಕ್ಕಿದ್ರೆ" ಎಂದು ಶುರು ಮಾಡುತ್ತಾರೆ. ಅದಕ್ಕೇ ಕಂಪನಿ ಅಡುಗೆಯವನನ್ನು ಜೊತೆಯಲ್ಲೇ ಕರೆದುಕೊಂಡು ಹೋಗುತ್ತದೆ. ಹೋಟೆಲಿನವರು ಅಡುಗೆಮನೆಯ ಒಂದು ಮೂಲೆ ಬಿಟ್ಟುಕೊಡುತ್ತಾರೆ. ಇವನು ಬೆಳಕು ಹರಿಯುವ ಮುಂಚೆ ಎದ್ದು ಅನ್ನ, ಬೇಳೆ, ತರಕಾರಿ ಎಲ್ಲ ಮಾಡಿ ದೊಡ್ಡ ಹಾಟ್‌ಬಾಕ್ಸುಗಳಿಗೆ ತುಂಬಿ, ವ್ಯಾನಿನಲ್ಲಿಟ್ಟುಕೊಂಡು ಗುಂಪಿನ ಹಿಂದೆ ಹಿಂದೆ ಓಡುತ್ತಾನೆ. ಎಲ್ಲರೂ ಅವನನ್ನು ಶೆಫ್ ಅಣ್ಣ ಎನ್ನುತ್ತಾರೆ. ಪಾಸ್‌ಪೋರ್ಟಿನ ಪುಟಗಳಲ್ಲಿ ಸೀಲು ಹಾಕಲು ಜಾಗವಿಲ್ಲ, ಅಷ್ಟು ಸಲ ಹೋಗಿಬಂದಿದ್ದಾನೆ.

ಹೋಗಿಬಂದ ಮೇಲೆ ಅವನು ಹೇಳುವ ಟವರಿನ ಕತೆ ಇದೆಯಲ್ಲ, ಅದು ಬೇರೆಯೇ ಮಜಾ. ಕ್ಯಾಲೆಂಡರಿನ ಮೇಲೆ, ಬಿಸ್ಕತ್ತಿನ ಡಬ್ಬಿಯ ಮೇಲೆ, ಮಕ್ಕಳ ಟೀ ಶರ್ಟಿನ ಮೇಲೆ ಎಲ್ಲೆಂದರಲ್ಲಿ ಕಾಣುವ ಆ ಟವರು! ಲಿಫ್ಟು ಮೇಲೇರುವಾಗ ಕಿವಿ ಹೇಗೆ ಗುಯ್ ಎನ್ನುತ್ತದೆ, ತುದಿಯಲ್ಲಿ ಗಾಳಿ ಹೇಗೆ ಮಾತನ್ನೇ ಕಿತ್ತುಕೊಂಡು ಹೋಗುತ್ತದೆ, ಕೆಳಗಿನ ನದಿ ಹೇಗೆ ಜಡೆ ಬಿಚ್ಚಿದ ಹುಡುಗಿ ಮರೆತು ಬಿಟ್ಟುಹೋದ ರಿಬ್ಬನ್ನಿನ ಹಾಗೆ ಬಿದ್ದಿರುತ್ತದೆ, ಒಂದೊಂದನ್ನೂ ಅವನು ಕೈ ಆಡಿಸಿ ಹೇಳುತ್ತಿದ್ದರೆ ಬೀದಿಯ ಮಕ್ಕಳೆಲ್ಲ ಬಾಯಿ ತೆರೆದುಕೊಂಡು ಕೂರುತ್ತಿದ್ದವು. ವಿಷಲ್ ಅಕ್ಕ ಒಲೆಯ ಮುಂದೆ ನಿಂತೇ ಕಿವಿ ಆ ಕಡೆ ಇಡುತ್ತಿದ್ದಳು. ಮಾರನೇ ದಿನ ಅದನ್ನೇ ಬಸ್ಸಿನಲ್ಲಿ ಡ್ರೈವರಿಗೂ ಟೀಚರುಗಳಿಗೂ ಹೇಳುತ್ತಿದ್ದಳು. "ನಮ್ಮನೆಯವರು ಮೇಲಿಂದ ನೋಡಿದ್ದಾರೆ" ಎನ್ನುವಾಗ ಅವಳ ಕತ್ತು ತಾನಾಗಿಯೇ ಒಂದು ಇಂಚು ಮೇಲಕ್ಕೆ ಹೋಗುತ್ತಿತ್ತು.

ಈ ವರ್ಷ ಕಂಪನಿಯವರು ಹಳೆಯ ಕೆಲಸಗಾರರ ಮನೆಯವರಿಗೆ ಒಂದೊಂದು ಸೀಟು ಫ್ರೀ ಕೊಟ್ಟರು. ಸುದ್ದಿ ಕೇಳಿದಾಗಿನಿಂದ ಅವಳಿಗೆ ಇದ್ದ ಆಸೆ ಒಂದೇ. ಆ ತುದಿಯಲ್ಲಿ ಗಂಡನ ಪಕ್ಕ ನಿಲ್ಲಬೇಕು. ಅವನು ಬೆರಳು ಮಾಡಿ "ಅದೇ ನೋಡು ನಾನ್ ಹೇಳ್ತಿದ್ನಲ್ಲ" ಎನ್ನಬೇಕು. ಅವಳು "ಹೌದಲ್ರೀ" ಎನ್ನಬೇಕು. ಅಷ್ಟೇ! ಬಟ್ಟೆ, ಶೂ, ನಾದಿನಿಯಿಂದ ಎರವಲು ತಂದ ಜರ್ಕಿನ್ನು, ಎಲ್ಲವೂ ಆ ಒಂದು ನಿಮಿಷಕ್ಕಾಗಿ.

ಆದರೆ ಬಂದ ದಿನವೇ ಕಿವಿ ಕೆಂಪಾಯಿತು. ಗಂಡನಿಗೆ ಮಲಗಲು ಅಡುಗೆಮನೆಯ ಹಿಂದಿನ ಕೋಣೆ, ಅವಳಿಗೆ ಗುಂಪಿನ ಪೋಸ್ಟಾಫೀಸ್ ಅಜ್ಜಿಯ ಜೊತೆ ರೂಮು. ಪೋಸ್ಟಾಫೀಸಿನಲ್ಲಿ ಕೆಲಸ ಮಾಡಿ ರಿಟೈರಾದ ಅಜ್ಜಿ ಒಳ್ಳೆಯವಳೇ, ಆದರೆ ಮದುವೆಯಾದ ಗಂಡನ ಜೊತೆ ಫಾರಿನ್ನಿಗೆ ಬಂದು ಅಜ್ಜಿಯ ಗೊರಕೆ ಕೇಳುತ್ತಾ ಮಲಗುವುದೆಂದರೆ ಏನು? ಹಗಲು ಹೊತ್ತು ಗಂಡ ಕಂಡರೆ ಕಂಡ, ಇಲ್ಲದಿದ್ದರೆ ಇಲ್ಲ. ಅನ್ನ ಬಡಿಸುವಾಗ ಒಂದು ಕ್ಷಣ ಕಣ್ಣು ಸೇರಿಸಿ ನಗುತ್ತಿದ್ದ.

"ಬಿಡೇ, ಡ್ಯೂಟಿ ಅಲ್ವಾ. ಟವರ್ ದಿನ ನಾನೂ ಬರ್ತೀನಿ" ಎಂದಿದ್ದ.

ಅದೊಂದು ಮಾತಿಗೆ ಜೋತುಬಿದ್ದು ಅವಳು ಅರಮನೆ, ಮ್ಯೂಸಿಯಂ, ಇನ್ನೊಂದು ಅರಮನೆ ಎಲ್ಲವನ್ನೂ ಹಲ್ಲು ಕಚ್ಚಿಕೊಂಡು ನೋಡಿದಳು. ಕೊನೆಯ ದಿನ ಟವರು. ಮಾರನೇ ದಿನ ವಾಪಸು ವಿಮಾನ.

ಅವತ್ತು ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಬಸ್ಸು ಹತ್ತಿ, ಕಿಟಕಿ ಪಕ್ಕದ ಸೀಟಿನಲ್ಲಿ ಬ್ಯಾಗು ಇಟ್ಟು ಗಂಡನಿಗೆ ಜಾಗ ಹಿಡಿದಳು. ಕೇಳಿದವರಿಗೆಲ್ಲ "ಜನ ಇದಾರೆ, ಜನ ಇದಾರೆ" ಎಂದಳು. ಮ್ಯಾನೇಜರ್ ಹತ್ತಿದ. ಕೂಲಿಂಗ್ ಗ್ಲಾಸು ಕಣ್ಣಿಗಿಂತ ಹೆಚ್ಚಾಗಿ ನೆತ್ತಿಯ ಮೇಲೇ ಇರುವ ಮನುಷ್ಯ. ಬೆರಳಾಡಿಸಿ ತಲೆ ಎಣಿಸಿ, "ಓಕೆ ಫುಲ್, ಹೊರಡೋಣ!" ಎಂದು ಚಪ್ಪಾಳೆ ತಟ್ಟಿದ.

ವಿಷಲ್ ಅಕ್ಕ ಎದ್ದು ನಿಂತಳು. "ಒಬ್ಬರು ಕಮ್ಮಿ ಇದಾರೆ."

"ಇಲ್ಲ ಅಕ್ಕ, ಲೆಕ್ಕ ಸರಿಯಾಗಿದೆ."

"ಸರಿಯಾಗಿಲ್ಲ. ಇನ್ನೊಂದ್ಸಲ ಎಣಿಸಿ."

ಮ್ಯಾನೇಜರ್ ನಕ್ಕ. ಹಿಂದಿನ ಸೀಟಿನವರೂ ನಕ್ಕರು. ಅವನು ಇನ್ನೊಂದು ಸಲ ಎಣಿಸಿದ, ಅವಳಿಗೆ ಕಾಣಲಿ ಎಂದು ಪ್ರತಿ ತಲೆಯ ಮೇಲೂ ಬೆರಳು ನಿಲ್ಲಿಸಿ ಎಣಿಸಿದ. "ನೋಡಿದ್ರಾ? ಫುಲ್."

"ನಮ್ಮನೆಯವರು ಎಲ್ಲಿ ಹಾಗಾದ್ರೆ?"

"ಓ, ಶೆಫ್ ಅಣ್ಣಾನಾ!" ಅವನಿಗೆ ನಿಜವಾಗಿಯೂ ಆಶ್ಚರ್ಯ. "ಅವರು ಸ್ಟಾಫ್ ಅಲ್ವಾ ಅಕ್ಕ. ಸ್ಟಾಫ್ ತಲೆ ಲೆಕ್ಕಕ್ಕೆ ಬರಲ್ಲ."

ಇಷ್ಟು ವರ್ಷ ಬಸ್ಸಿನ ಬಾಗಿಲಲ್ಲಿ ನಿಂತ ಅವಳಿಗೆ ಇಂಥ ಮಾತು ಹೊಸದು. ಲೆಕ್ಕಕ್ಕೆ ಬರದ ತಲೆ ಎಂದರೆ ಎಂಥದ್ದು? ಬಸ್ಸಿನಲ್ಲಿ ಡ್ರೈವರಿನ ತಲೆಯನ್ನೂ ಸೇರಿಸಿ ಎಣಿಸುವವಳು ಅವಳು! ಅವಳು ಬಾಯಿ ತೆರೆಯುವಷ್ಟರಲ್ಲಿ ಮ್ಯಾನೇಜರ್, "ಅವರು ವ್ಯಾನಲ್ಲಿ ಬರ್ತಾರೆ, ಅಲ್ಲೇ ಸಿಗ್ತಾರೆ, ಟೆನ್ಶನ್ ಬೇಡ" ಎಂದ. ಸರಿ, ಅಲ್ಲೇ ಸಿಗುತ್ತಾನಂತೆ. ಅವಳು ಕೂತಳು. ದಾರಿಯುದ್ದಕ್ಕೂ ಪಕ್ಕದ ಸೀಟಿನ ಬ್ಯಾಗು ಪ್ರತಿ ತಿರುವಿನಲ್ಲೂ ಅವಳ ಮೈಮೇಲೆ ವಾಲಿತು, ಅವಳು ಪ್ರತಿ ಸಲವೂ ಅದಕ್ಕೆ ಮೊಣಕೈಯಿಂದ ಒಂದು ಗುದ್ದು ಕೊಟ್ಟಳು.

ಟವರು ಹತ್ತಿರದಿಂದ ನೋಡಿದರೆ ಕ್ಯಾಲೆಂಡರಿನಲ್ಲಿದ್ದ ಹಾಗೆ ಇರಲೇ ಇಲ್ಲ! ಅಷ್ಟು ದೊಡ್ಡದು. ಕತ್ತೆತ್ತಿ ನೋಡಿದರೆ ಮೋಡ ಓಡುತ್ತಿದೆಯೋ ಟವರೇ ಮೇಲೆ ಬೀಳುತ್ತಿದೆಯೋ ಗೊತ್ತಾಗದೆ ಎರಡು ಹೆಜ್ಜೆ ಹಿಂದೆ ಸರಿದಳು. ಒಂದು ಗಳಿಗೆ ಸಿಟ್ಟೂ ಮರೆತುಹೋಯಿತು. ಕೆಳಗೆ ಜನವೋ ಜನ. ಕಬ್ಬಿಣದ ಸರಳುಗಳ ನಡುವೆ ಸಾಲು ಹಾವಿನ ಹಾಗೆ ಸುತ್ತಿ ಸುತ್ತಿ ಹೋಗುತ್ತಿತ್ತು. ಗುಂಪಿಗೆಲ್ಲ ಸೇರಿ ಒಂದೇ ಟಿಕೆಟ್ಟು, ಮ್ಯಾನೇಜರನ ಕೈಯಲ್ಲಿ. ಗೇಟಿನಲ್ಲಿ ಯೂನಿಫಾರಂ ಹಾಕಿದ ಹೆಂಗಸೊಬ್ಬಳು ತಲೆ ಎಣಿಸಿ, ಟಿಕೆಟ್ಟಿನಲ್ಲಿದ್ದಷ್ಟೇ ಜನರನ್ನು ಒಟ್ಟಿಗೆ ಒಳಗೆ ಬಿಡುತ್ತಿದ್ದಳು. ಒಬ್ಬರು ಹೆಚ್ಚಾದರೂ ಇಲ್ಲ, ಒಬ್ಬರು ಕಮ್ಮಿಯಾದರೂ ಇಲ್ಲ. ವಿಷಲ್ ಅಕ್ಕನಿಗೆ ಆ ಹೆಂಗಸಿನ ಮೇಲೆ ತಕ್ಷಣ ಗೌರವ ಹುಟ್ಟಿತು.

"ನಮ್ಮನೆಯವರು ಇನ್ನೂ ಬಂದಿಲ್ವಲ್ಲಪ್ಪ. ಅವರು ಬಂದ್ಮೇಲೆ ಒಳಗೆ ಹೋಗೋಣ" ಎಂದಳು.

ಮ್ಯಾನೇಜರ್ ಕೂಲಿಂಗ್ ಗ್ಲಾಸನ್ನು ನೆತ್ತಿಯಿಂದ ಕಣ್ಣಿಗೆ ಇಳಿಸಿದ. "ಅಕ್ಕ, ಅವರು ಕೆಳಗೆ ಪಾರ್ಕಿಂಗಲ್ಲಿ ಊಟ ರೆಡಿ ಮಾಡ್ತಿರ್ತಾರೆ. ಸ್ಟಾಫಿಗೆ ಟಿಕೆಟ್ ಇರಲ್ಲ. ಶೆಫ್ ಅಣ್ಣ ಎಷ್ಟು ಸಲ ಬಂದಿದಾರೆ ಇಲ್ಲಿಗೆ, ನೋಡಿ ನೋಡಿ ಬೇಜಾರಾಗಿರತ್ತೆ ಅವರಿಗೆ!"

ಮೂಗಿನ ತುದಿ ಕೆಂಪಾಯಿತು. ಆದರೂ ಅವಳು ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಅವನು ನೋಡಿದ್ದಾನೆ, ನಿಜ. ತಾನು ನೋಡಿಲ್ಲ. ಒಬ್ಬಳೇ ಹೋಗಿ ನೋಡಿಕೊಂಡು ಬಂದು, ಅವನು ಹೇಳಿದ್ದೆಲ್ಲ ಸರಿಯಾಗಿತ್ತೋ ಇಲ್ಲವೋ ಎಂದು ಅವನನ್ನೇ ಪರೀಕ್ಷೆ ಮಾಡಿದರೆ ಆಯಿತು. ಅಷ್ಟು ದೂರ ಬಂದು ಜಗಳ ಯಾಕೆ? ಅವಳ ಮಟ್ಟಿಗೆ ಇದು ದೊಡ್ಡ ತ್ಯಾಗ!

ಆಗ ಪೋಸ್ಟಾಫೀಸ್ ಅಜ್ಜಿ ಅವಳ ತೋಳು ಹಿಡಿದುಕೊಂಡು, "ನಾನು ಹೋದ ಸಲ ತಂಗಿ ಜೊತೆ ಬಂದಿದ್ನಲ್ಲ, ಅವಾಗ್ಲೂ ಇದೇ ಕಂಪನಿ, ನಿನ್ನ ಗಂಡಂದೇ ಅಡುಗೆ" ಎಂದಳು. "ಪಾಪ, ಒಳ್ಳೆ ಮನುಷ್ಯ ಕಣಮ್ಮ. ನಾವು ಕೆಳಗಿಳಿದು ಬಂದ್ವೋ ಇಲ್ವೋ, ತಟ್ಟೆ ಕೈಗೆ ಕೊಟ್ಕೊಂಡೇ, ಅಜ್ಜಿ ಮೇಲೆ ಏನೇನ್ ಕಾಣ್ತು, ಹೇಳಿ ಹೇಳಿ ಅಂತ ಹಿಂದೆ ಬಿದ್ದ. ಬೇರೆ ಯಾರು ಹಂಗೆ ಕೇಳ್ತಾರೆ ವಯಸ್ಸಾದವರನ್ನ? ನಾನೂ ಹೇಳ್ದೆ. ಲಿಫ್ಟಲ್ಲಿ ಕಿವಿ ಗುಯ್ ಅಂತು ಅಂದೆ. ಆ ನದಿ ಇದ್ಯಲ್ಲ, ಜಡೆ ಬಿಚ್ಚಿದ ಹುಡುಗಿ ರಿಬ್ಬನ್ ಮರೆತು ಬಿಟ್ಟುಹೋದಂಗಿದೆ ಅಂದೆ. ಎಷ್ಟ್ ಖುಷಿಯಾದ ಗೊತ್ತಾ? ಎರಡೆರಡು ಸಲ ಹೇಳಿಸ್ಕೊಂಡ!"

ವಿಷಲ್ ಅಕ್ಕ ಅಜ್ಜಿಯ ಮುಖವನ್ನೇ ನೋಡಿದಳು.

"ಏನಂದ್ರಿ? ರಿಬ್ಬನ್ನಾ?"

"ಹೂಂ ಕಣೆ. ನಂಗೆ ಚಿಕ್ಕಂದಿನಿಂದ ಹಂಗೇ ಏನಾದ್ರೂ ಹೊಳಿಯತ್ತೆ."

ಅವಳ ಅಡುಗೆಮನೆಯಲ್ಲಿ, ಅವಳ ಒಲೆಯ ಮುಂದೆ, ಎಷ್ಟೋ ಸಂಜೆ ಕೇಳಿದ ಮಾತು. ಬಸ್ಸಿನ ಡ್ರೈವರಿಗೆ ಅವಳೇ ಬಾಯಾರೆ ಹೇಳಿದ ಮಾತು. ಅದು ಅಜ್ಜಿಯದ್ದು! ಹಾಗಾದರೆ ಗಾಳಿ ಯಾರದ್ದು? ಅದೂ ಇನ್ಯಾರದ್ದೋ! ಇಷ್ಟು ವರ್ಷ ಆ ಮನುಷ್ಯ ಈ ಟವರಿನ ಮೇಲೆ ಕಾಲೇ ಇಟ್ಟಿಲ್ಲ!

ಅವಳು ಸರಳಿನ ಕೆಳಗೆ ಬಗ್ಗಿ ಸಾಲಿನಿಂದ ಹೊರಗೆ ಬಿದ್ದಳು. "ಅಕ್ಕ! ಅಕ್ಕ ಎಲ್ಲಿಗೆ? ನಮ್ಮ ಟೈಮ್ ಬಂತು!" ಎಂದು ಮ್ಯಾನೇಜರ್ ಕೂಗಿದ್ದು ಕೇಳಿಸಿತು. ಕೂಗಿಕೊಳ್ಳಲಿ. ಪಾರ್ಕಿಂಗ್ ಎಂದು ಕಾರಿನ ಚಿತ್ರ ಹಾಕಿದ್ದ ಬಾಣದ ಗುರುತು ಹಿಡಿದು ಇಳಿಜಾರಿನಲ್ಲಿ ದಡದಡ ಇಳಿದಳು.

ಕೆಳಗೆ ಮೊದಲು ಏನೂ ಕಾಣಲಿಲ್ಲ. ನೆಲಮಾಳಿಗೆ, ಕತ್ತಲೆ, ಟೈರಿನ ವಾಸನೆ. ಅವಳು ಒಂದು ಹೆಜ್ಜೆ ಇಟ್ಟ ಕೂಡಲೇ ತಲೆಯ ಮೇಲೆ ಟಪ್ ಟಪ್ ಎಂದು ಟ್ಯೂಬ್‌ಲೈಟುಗಳು ಹತ್ತಿಕೊಂಡವು. ಯಾರಾದರೂ ಅಲ್ಲಾಡಿದರೆ ಮಾತ್ರ ಹತ್ತುವ, ಸುಮ್ಮನೆ ನಿಂತರೆ ಆರುವ ಲೈಟುಗಳು. ದೂರದ ಮೂಲೆಯಲ್ಲಿ ವ್ಯಾನಿನ ಹಿಂಬಾಗಿಲು ತೆರೆದಿತ್ತು. ಪಕ್ಕದಲ್ಲಿ ನಿಂತು ಊಟ ಮಾಡಲು ಎತ್ತರದ ಸ್ಟೀಲ್ ಮೇಜುಗಳು. ಗಂಡ ಏಪ್ರನ್ ಕಟ್ಟಿಕೊಂಡು ಹಾಟ್‌ಬಾಕ್ಸಿನೊಳಗೆ ಬಗ್ಗಿದ್ದ. ಅವನ ಕಡೆಯ ಲೈಟು ಆರಿತು. ಅವನು ತಲೆ ಎತ್ತದೆಯೇ ಸೌಟು ಹಿಡಿದ ಕೈಯನ್ನು ಗಾಳಿಯಲ್ಲಿ ಎರಡು ಸಲ ಬೀಸಿದ. ಲೈಟು ಹತ್ತಿತು. ಮತ್ತೆ ಕೆಲಸ. ಅವನಿಗೆ ಅದು ಎಷ್ಟು ಅಭ್ಯಾಸವಾಗಿತ್ತೆಂದರೆ, ನೊಣ ಓಡಿಸಿದಷ್ಟು ಸಲೀಸು.

"ರೀ!"

ಅವನು ಬೆಚ್ಚಿಬಿದ್ದ. "ಏನೇ, ಇಷ್ಟ್ ಬೇಗ ನೋಡಿ ಬಂದ್ಯಾ? ಹೆಂಗಿತ್ತು?"

"ನೀವ್ ಹೇಳಿ ಹೆಂಗಿತ್ತು ಅಂತ! ಮೇಲಿಂದ ನದಿ ಹೆಂಗ್ ಕಾಣತ್ತೆ? ಹೇಳಿ, ಕೇಳೋಣ."

ಅವನ ನಗು ಅರ್ಧದಲ್ಲೇ ನಿಂತಿತು.

"ಕಿವಿ ಮೇಲೆ ಹೂ ಇಟ್ರಲ್ರೀ ನನಗೆ! ಇಷ್ಟು ವರ್ಷ ರೈಲು ಬಿಟ್ಕೊಂಡೇ ಬಂದ್ರಲ್ಲ! ನಾನು ಪೆದ್ದಿ, ಊರಿಗೆಲ್ಲ ಡಂಗುರ ಹೊಡ್ಕೊಂಡು ಬಂದೆ, ನಮ್ಮನೆಯವರು ನೋಡಿದಾರೆ, ನಮ್ಮನೆಯವರು ನೋಡಿದಾರೆ ಅಂತ!"

"ಸುಳ್ಳಲ್ವೇ ಅದು. ಎಲ್ಲಾ ನಿಜಾನೇ" ಎಂದ ಅವನು ಮೆಲ್ಲಗೆ. "ಬೇರೆಯವರು ನೋಡಿದ್ದು, ಅಷ್ಟೇ."

"ಅಷ್ಟೇನಾ!"

"ಮೊದಲ ಸಲ ಮನೆಗೆ ವಾಪಸ್ ಬಂದಾಗ ನೀನು ಬಾಗಿಲಲ್ಲೇ ನಿಂತ್ಕೊಂಡು ಟವರ್ ಹೆಂಗಿತ್ತು ಅಂತ ಕೇಳ್ದೆ. ಒಳಗೆ ಬರಕ್ಕೂ ಬಿಡ್ಲಿಲ್ಲ. ನಿನ್ನ ಮುಖ ನೋಡಿ, ಪಾರ್ಕಿಂಗ್ ಚೆನ್ನಾಗಿತ್ತು ಅಂತ ಹೇಳ್ಲಾ?"

ಇಬ್ಬರೂ ಅಲ್ಲಾಡದೆ ನಿಂತಿದ್ದಕ್ಕೆ ಲೈಟು ಆರಿತು. ಕತ್ತಲಲ್ಲೇ ಕೇಳಿದಳು: "ಒಂದ್ಸಲಾನೂ ಕೇಳ್ಲಿಲ್ವಾ ನೀವು? ನಂಗೂ ಒಂದು ಟಿಕೆಟ್ ಕೊಡಿ ಅಂತ ಬಾಯಿಬಿಟ್ಟು ಕೇಳಕ್ಕೇನು ಧಾಡಿ?"

ಅವನು ಸೌಟು ಬೀಸಿದ. ಬೆಳಕು ಬಂತು. "ಒಂದ್ಸಲ ಕೇಳ್ದೆ. ಅವಾಗ ಬೇರೆ ಮ್ಯಾನೇಜರ್. ನೀನೂ ಮೇಲೆ ಹೋದ್ರೆ ಅನ್ನ ತಾನೇ ಬಡಿಸ್ಕೊಳತ್ತಾ ಅಂದ್ರು. ಎಲ್ರೂ ನಕ್ರು."

"ನೀವು?"

"ನಾನೂ ನಕ್ಕೆ."

ವಿಷಲ್ ಅಕ್ಕನಿಗೆ ಆ ಕ್ಷಣ ಹತ್ತಿದ ಸಿಟ್ಟಿದೆಯಲ್ಲ, ಅದು ಸುಳ್ಳಿಗೆ ಹತ್ತಿದ್ದಕ್ಕಿಂತ ಎಷ್ಟೋ ಪಾಲು ಹೆಚ್ಚು. ಆ ನಗುವಿಗೆ! ಮದುವೆಯಾದಾಗಿನಿಂದ ನೋಡಿಕೊಂಡು ಬಂದ ನಗು. ಒಳ್ಳೆಯ ಸ್ವಭಾವ, ತಣ್ಣಗಿನ ಮನುಷ್ಯ ಎಂದು ಅತ್ತೆ, ನಾದಿನಿ, ಬೀದಿಯವರು ಎಲ್ಲರೂ ಹೊಗಳಿದ ನಗು. ಅದರೊಳಗೆ ಇಷ್ಟು ಅವಮಾನ ಮಡಚಿಟ್ಟಿದ್ದಾನೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಅವಳೂ ನೋಡಿರಲಿಲ್ಲ.

ಅಷ್ಟರಲ್ಲಿ ಇಳಿಜಾರಿನಿಂದ ಮ್ಯಾನೇಜರ್ ಓಡಿಬಂದ. ಏದುಸಿರು. "ಅಕ್ಕ, ದಯವಿಟ್ಟು ಬನ್ನಿ! ಗೇಟಲ್ಲಿ ನಿಂತ್ಬಿಟ್ಟಿದೀವಿ. ಒಂದು ತಲೆ ಕಮ್ಮಿ ಇದೆ, ಒಳಗೆ ಬಿಡಲ್ಲ ಅಂತಿದಾಳೆ ಆ ಹೆಂಗಸು. ಹತ್ತು ನಿಮಿಷದಲ್ಲಿ ಹೋಗಿಲ್ಲ ಅಂದ್ರೆ ಟಿಕೆಟ್ ಕ್ಯಾನ್ಸಲ್!"

ವಿಷಲ್ ಅಕ್ಕ ವ್ಯಾನಿನ ಅಂಚಿನಲ್ಲಿ ಕೂತುಬಿಟ್ಟಳು. ಕಾಲು ಮೇಲೆ ಕಾಲು ಹಾಕಿದಳು. "ಬರಲ್ಲ."

"ಬರಲ್ಲ ಅಂದ್ರೆ?"

"ಬರಲ್ಲ ಅಂದ್ರೆ ಬರಲ್ಲ. ನನ್ನ ತಲೆ ಲೆಕ್ಕಕ್ಕೆ ಬರತ್ತೆ ಅಲ್ವಾ? ಬೇಕು ಅಲ್ವಾ ನಿಮಗೆ? ಇವರಿಗೂ ಒಂದು ಟಿಕೆಟ್ ತಗೊಂಡು ಬನ್ನಿ, ಬರ್ತೀನಿ."

"ಇವತ್ತಿನ ಲಿಫ್ಟ್ ಟಿಕೆಟ್ ಎಲ್ಲಾ ಸೋಲ್ಡ್ ಔಟ್ ಅಕ್ಕ, ದೇವರಾಣೆ! ನಾನೆಲ್ಲಿಂದ ತರ್ಲಿ? ಶೆಫ್ ಅಣ್ಣ, ನೀವಾದ್ರೂ ಹೇಳ್ರೀ ಮನೆಯವರಿಗೆ! ಕಂಪನಿಗೆ ಗೊತ್ತಾದ್ರೆ ನಿಮಗೇ ಪ್ರಾಬ್ಲಂ."

ಗಂಡನ ಮುಖ ಬಿಳಿಚಿತು. "ಹೋಗೇ" ಎಂದ. "ಎಲ್ರೂ ಕಾಯ್ತಿದಾರೆ. ವಯಸ್ಸಾದವರು ಇದಾರೆ. ನಿನ್ ಕೈ ಮುಗಿತೀನಿ, ಹೋಗು."

ಅವನು ನಿಜವಾಗಿಯೂ ಕೈ ಮುಗಿದ, ಸೌಟಿನ ಸಮೇತ. ಅದನ್ನು ನೋಡಿ ಅವಳಿಗೆ ಮೈಯೆಲ್ಲ ಉರಿದುಹೋಯಿತು. ಎದ್ದಳು, ಅವನ ಬೆನ್ನ ಹಿಂದೆ ಹೋಗಿ ಏಪ್ರನ್ನಿನ ಗಂಟನ್ನು ಒಂದೇ ಎಳೆತಕ್ಕೆ ಬಿಚ್ಚಿದಳು. ಸೌಟು ಕಿತ್ತುಕೊಂಡಳು.

"ಆ ಗೇಟಿನವಳು ಎಣಿಸೋದು ತಲೆ. ಯಾರ ತಲೆ ಅಂತ ಕೇಳಲ್ಲ. ನೀವು ಹೋಗಿ."

"ನಾನಾ? ನೀನು ನೋಡಬೇಕು ಅಂತಾನೇ ಅಲ್ವೇನೇ ಇಷ್ಟು ದೂರ..."

"ಮಾತಾಡಬೇಡಿ. ಇವತ್ತು ಒಂದೇ ಒಂದು ಮಾತು ಜಾಸ್ತಿ ಆಡಿದ್ರೂ ಆ ಡಬ್ಬಿ ಒಳಗೆ ಕೂರಿಸಿ ಮುಚ್ಚಳ ಹಾಕ್ತೀನಿ."

"ಊಟ ಯಾರು..." ಎಂದು ಮ್ಯಾನೇಜರ್ ಶುರು ಮಾಡಿದ.

"ಬಸ್ ತುಂಬ ಕೋತಿಗಳನ್ನ ದಿನಾ ಸಂಭಾಳಿಸ್ತೀನಿ ನಾನು. ನಿಮ್ಮ ಗುಂಪಿಗೆ ಅನ್ನ ಹಾಕಕ್ಕೆ ಬರಲ್ವಾ? ನಡೀರಿ!"

ಇಬ್ಬರೂ ನಡೆದರು. ನಡೆದರೆಂದರೆ, ಹೆಚ್ಚು ಕಮ್ಮಿ ಓಡಿದರು. ಗಂಡ ಇಳಿಜಾರಿನ ತುದಿಯಲ್ಲಿ ಒಮ್ಮೆ ತಿರುಗಿ ನೋಡಿದ. ಅವಳು ಸೌಟನ್ನು ಆ ಕಡೆ ಬೀಸಿದಳು, ಹೋಗಿ ಎನ್ನುವ ಹಾಗೆ.

ಆಮೇಲೆ ಅವಳು ಒಬ್ಬಳೇ. ವ್ಯಾನಿನ ಡ್ರೈವರ್ ಮುಂದಿನ ಸೀಟಿನಲ್ಲಿ ಕಿವಿಗೆ ವೈರು ಸಿಕ್ಕಿಸಿಕೊಂಡು ನಿದ್ದೆ ಹೊಡೆಯುತ್ತಿದ್ದ. ಅವಳು ತಟ್ಟೆಗಳನ್ನು ಜೋಡಿಸಿದಳು. ಲೈಟು ಆರಿತು. ಕೈ ಬೀಸಿದಳು. ಚಮಚಗಳನ್ನು ಜೋಡಿಸಿದಳು. ಆರಿತು. ಬೀಸಿದಳು. ಎಲ್ಲೋ ಒಂದು ಪೈಪಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಗೋಡೆಯ ಮೇಲೆ ಹಳದಿ ಬಣ್ಣದ ದೊಡ್ಡ ಅಕ್ಷರ, ಅದರ ಪಕ್ಕದಲ್ಲಿ ಯಾರೋ ಟೈರು ಉಜ್ಜಿದ ಕಪ್ಪು ಗುರುತು. ಮೇಲೆ, ಅವಳ ನೆತ್ತಿಯ ಮೇಲೆ ಸರಿಯಾಗಿ, ಇಡೀ ಪ್ರಪಂಚ ಬಂದು ನೋಡುವ ಟವರು ನಿಂತಿತ್ತು. ಇದನ್ನೇ, ಈ ಗೋಡೆಯನ್ನೇ ಅಷ್ಟು ವರ್ಷ ನೋಡಿಕೊಂಡು ನಿಂತು, ಮನೆಗೆ ಬಂದು ಗಾಳಿಯ ಕತೆ ಹೇಳಿದನಲ್ಲ ಆ ಮಹಾನುಭಾವ! ಬೈಯಬೇಕೋ ತಬ್ಬಿಕೊಳ್ಳಬೇಕೋ ತಿಳಿಯದೆ ಅವಳು ಆಲೂಗಡ್ಡೆಯ ಡಬ್ಬಿಯ ಮುಚ್ಚಳವನ್ನು ದಬ್ ಎಂದು ಹಾಕಿದಳು. ಡ್ರೈವರ್ ಎಚ್ಚರಗೊಂಡು, ಅವಳ ಮುಖ ನೋಡಿ, ಮತ್ತೆ ಕಣ್ಣು ಮುಚ್ಚಿಕೊಂಡ.

ಗುಂಪು ವಾಪಸು ಬಂತು. ನಗು, ಗಲಾಟೆ, ಎಲ್ಲರ ಕೈಯಲ್ಲೂ ಫೋನು, ಫೋಟೋ ತೋರಿಸಿಕೊಳ್ಳುವ ಗಡಿಬಿಡಿ. ಗಂಡ ಎಲ್ಲರಿಗಿಂತ ಹಿಂದೆ ಬರುತ್ತಿದ್ದ. ಅವಳು ಅವನ ಮುಖದಲ್ಲಿ ಆ ನಗುವನ್ನು ಹುಡುಕಿದಳು. ಇರಲಿಲ್ಲ!

"ಏನ್ರೀ, ಹೆಂಗಿತ್ತು?" ಎಂದು ಕೇಳಿದಳು.

"ಹಲ್ಲು" ಎಂದ ಅವನು.

"ಹಾಂ?"

"ಬರೀ ಹಲ್ಲು! ನಾನು ಮೇಲೆ ನೋಡಿದ್ದು ಇವರೆಲ್ಲರ ಹಲ್ಲು!" ಅವನ ದನಿ ಏರಿತು. ಅವನ ದನಿ ಏರಬಲ್ಲದು ಎಂದು ಹೆಂಡತಿಗೇ ಗೊತ್ತಿರಲಿಲ್ಲ. "ಲಿಫ್ಟಿಂದ ಕಾಲು ಹೊರಗೆ ಇಟ್ಟಿಲ್ಲ, ಶೆಫ್ ಅಣ್ಣ ಒಂದು ಫೋಟೋ. ಶೆಫ್ ಅಣ್ಣ ನಮ್ದೂ ಒಂದು. ಶೆಫ್ ಅಣ್ಣ ಅಡ್ಡ ಹಿಡೀರಿ, ಶೆಫ್ ಅಣ್ಣ ಉದ್ದ ಹಿಡೀರಿ, ಶೆಫ್ ಅಣ್ಣ ಕಣ್ಣು ಮುಚ್ಕೊಂಡ್ಬಿಟ್ಟೆ ಇನ್ನೊಂದು! ಸ್ಮೈಲ್ ಪ್ಲೀಸ್, ಸ್ಮೈಲ್ ಪ್ಲೀಸ್ ಅಂದು ಅಂದು ನನ್ನ ಬಾಯಿ ಒಣಗೋಯ್ತು. ಅಷ್ಟೊತ್ತಿಗೆ ಟೈಮಾಯ್ತು ಇಳೀರಿ ಅಂದ್ರು. ನದಿ ಯಾವ ಕಡೆ ಇದೆ ಅಂತಾನೂ ನಂಗೆ ಗೊತ್ತಾಗ್ಲಿಲ್ಲ!"

ಗಲಾಟೆ ನಿಂತಿತು. ಅಡುಗೆಯವನು ಕೂಗುವುದನ್ನು ಯಾರೂ ಕೇಳಿರಲಿಲ್ಲ. ಹನಿಮೂನಿಗೆ ಬಂದಿದ್ದ ಜೋಡಿ ಫೋನನ್ನು ಮೆಲ್ಲಗೆ ಜೇಬಿಗೆ ಇಳಿಸಿತು.

"ಪಾಪ, ಹೌದು ಕಣಮ್ಮ" ಎಂದಳು ಪೋಸ್ಟಾಫೀಸ್ ಅಜ್ಜಿ. "ನಾನೂ ನಂದು ಎರಡು ತೆಗೆಸ್ಕೊಂಡೆ."

ಮ್ಯಾನೇಜರ್ ನಗಲು ನೋಡಿದ. "ಓಕೆ ಓಕೆ, ಶೆಫ್ ಅಣ್ಣ, ಕೂಲ್! ಊಟ ಆದ್ಮೇಲೆ ಶಾಪಿಂಗಿಗೆ ಹೋಗ್ಬೇಕು, ಬೇಗ ಬಡಿಸಿಬಿಡಿ."

ಗಂಡ ಹೆಂಡತಿಯ ಕೈಯಿಂದ ಸೌಟು ತೆಗೆದುಕೊಂಡ. ಅವಳು ಅಂದುಕೊಂಡಳು: ಮುಗಿಯಿತು, ಇನ್ನು ನಗುತ್ತಾನೆ, ಬಡಿಸುತ್ತಾನೆ, ನಾಳೆ ವಿಮಾನ ಹತ್ತುತ್ತೇವೆ, ಬೀದಿಯ ಮಕ್ಕಳಿಗೆ ಇನ್ನೊಂದು ಕತೆ. ಅವನು ಸೌಟನ್ನು ಅನ್ನದ ಡಬ್ಬಿಯೊಳಗೆ ನೆಟ್ಟಗೆ ಚುಚ್ಚಿ ನಿಲ್ಲಿಸಿದ.

"ನಾನು ಮೇಲೆ ಹೋಗ್ಬೇಕು" ಎಂದ. "ನನ್ನ ಹೆಂಡ್ತಿ ಜೊತೆ. ಇವತ್ತು, ಇವಾಗ."

"ಲಿಫ್ಟ್ ಟಿಕೆಟ್ ಇಲ್ಲ ಅಂದ್ನಲ್ಲ ಅಣ್ಣ!"

"ಮೆಟ್ಟಿಲಿಂದು ಇದೆ. ಇಳಿದು ಬರೋವಾಗ ನಾನೇ ನೋಡ್ದೆ, ಟವರಿನ ಇನ್ನೊಂದು ಕಾಲಿನ ಹತ್ರ ಬೇರೆ ಕೌಂಟರು. ಹತ್ತೋರು ಯಾರೂ ಇಲ್ಲ, ಖಾಲಿ ಹೊಡೀತಿದೆ. ನಡುವಿನ ಅಂತಸ್ತಿನ ತನಕ ಬಿಡ್ತಾರಂತೆ. ಸಾಕು ನಮಗೆ."

"ಇವ್ರಿಗೆ ಊಟ ಯಾರು ಹಾಕ್ತಾರೆ? ನಾನು ಕಂಪನಿಗೆ ಫೋನ್ ಮಾಡ್ಬೇಕಾಗತ್ತೆ, ಹೇಳಿದೀನಿ."

"ಮಾಡು" ಎಂದ ಗಂಡ. "ಮಾಡಿ ಹೇಳು, ಶೆಫ್ ಅಣ್ಣ ಟವರ್ ನೋಡಕ್ಕೆ ಹೋದ ಅಂತ. ಅನ್ನ ಇಲ್ಲಿದೆ, ಬೇಳೆ ಇಲ್ಲಿದೆ. ನಿಂಗೆ ಕೈ ಇಲ್ವಾ?"

ಮ್ಯಾನೇಜರ್ ಎಲ್ಲರ ಮುಖ ನೋಡಿದ. ಎಲ್ಲರೂ ತಟ್ಟೆ ನೋಡುತ್ತಿದ್ದರು. ಕೊನೆಗೆ ಅಜ್ಜಿಯೇ ಮುಂದೆ ಬಂದು ಸೌಟು ಕಿತ್ತಳು. "ಹೋಗ್ರೋ, ಹೋಗಿ. ಸಾಲಾಗಿ ನಿಂತ್ಕೊಳ್ರಪ್ಪ ಎಲ್ರೂ, ನಾನು ಕೌಂಟರಲ್ಲಿ ಕೂತೋಳು, ತಳ್ಳಾಡಿದ್ರೆ ಮುಚ್ಚಿಬಿಡ್ತೀನಿ!"

ಮೆಟ್ಟಿಲು ಕಬ್ಬಿಣದ್ದು, ಸುತ್ತಲೂ ಜಾಲರಿ, ಕಾಲಿಟ್ಟರೆ ಠಣ್ ಠಣ್. ಮೊದಲ ತಿರುವಿಗೇ ವಿಷಲ್ ಅಕ್ಕನಿಗೆ ಉಸಿರು ಕಟ್ಟಿತು. ನಾದಿನಿಯ ಜರ್ಕಿನ್ನು ಬಿಚ್ಚಿ ಸೊಂಟಕ್ಕೆ ಕಟ್ಟಿಕೊಂಡಳು. ಮಂಡಿ ಚುರ್ರೆನ್ನುತ್ತಿತ್ತು. ಆದರೆ ಮುಂದೆ ಹೋಗುತ್ತಿದ್ದ ಮನುಷ್ಯ ನಿಲ್ಲುತ್ತಲೇ ಇಲ್ಲ. ಹತ್ತುವುದನ್ನೂ ನಿಲ್ಲಿಸಲಿಲ್ಲ, ಮಾತಾಡುವುದನ್ನೂ ನಿಲ್ಲಿಸಲಿಲ್ಲ.

"ಉಪ್ಪು ಕಮ್ಮಿ ಅಂತಾರೆ! ಮಾರನೇ ದಿನ ಉಪ್ಪು ಜಾಸ್ತಿ ಅಂತಾರೆ!" ಠಣ್. "ಹಲ್ಲಿಲ್ಲ, ಮೆತ್ತಗೆ ಬೇಯಿಸು ಅಂತ ಒಬ್ರು, ಮುದ್ದೆಯಾಗಿದೆ ಅಂತ ಇನ್ನೊಬ್ರು!" ಠಣ್. "ಅಡುಗೆಮನೆ ಹಿಂದೆ ಮಲಗಿಸ್ತಾರೆ, ರಾತ್ರಿಯೆಲ್ಲಾ ಫ್ರಿಜ್ಜು ಗುರ್ ಅನ್ನತ್ತೆ. ಯಾವತ್ತಾದ್ರೂ ಕೇಳಿದಾರಾ, ನೀನು ಊಟ ಮಾಡಿದ್ಯೇನಪ್ಪ ಅಂತ?"

"ಕೇಳಿಲ್ವಾ?"

"ಒಬ್ರೂ ಕೇಳಿಲ್ಲ! ಹತ್ತು ಹತ್ತು, ನಿಲ್ಲಬೇಡ!"

ಮನೆಯಲ್ಲಿ ಇಷ್ಟು ವರ್ಷ ಅವಳ ಬಾಯಿಗೆ ಬಿಡುವಿರಲಿಲ್ಲ, ಅವನ ಕಿವಿಗೆ ಬಿಡುವಿರಲಿಲ್ಲ. ಈಗ ಅವಳಿಗೆ ಮಾತಾಡಲು ಉಸಿರೇ ಇಲ್ಲ. ಜಾಲರಿ ಹಿಡಿದುಕೊಂಡು, ಬೆವರು ಒರೆಸಿಕೊಳ್ಳುತ್ತಾ, ಅವಳು ಕೇಳಿದಳು. ಒಂದೊಂದು ಬೈಗುಳವೂ ವರ್ಷಗಟ್ಟಲೆ ಹಳೆಯದು, ಎಷ್ಟೋ ಊರುಗಳಿಂದ ಹೊತ್ತು ತಂದದ್ದು. ಇದ್ದಕ್ಕಿದ್ದ ಹಾಗೆ ಗಾಳಿ ಬೀಸಿತು. ಅವನ ಮಾತನ್ನು ಅರ್ಧಕ್ಕೇ ಕಿತ್ತುಕೊಂಡು ಹೋಯಿತು. ಇಬ್ಬರೂ ನಿಂತರು. ಜಾಲರಿಯ ಆಚೆ ಊರಿನ ಛಾವಣಿಗಳೆಲ್ಲ ಕಾಲ ಕೆಳಗೆ ಇಳಿದುಹೋಗಿದ್ದವು.

ಕೆಳಗಿನ ತಿರುವಿನಿಂದ ಹತ್ತಿ ಬರುತ್ತಿದ್ದ ಯಾವುದೋ ದೇಶದ ಮುದುಕ ದಂಪತಿ ಅವನು ಮತ್ತೆ ಶುರು ಮಾಡಿದ ಕೂಗಾಟಕ್ಕೆ ಹೆದರಿ ಬದಿಗೆ ನಿಂತರು. ಗಂಡನಿಗೆ ನಾಚಿಕೆಯಾಯಿತು. ದನಿ ತಗ್ಗಿಸಿ, ಬಾಯಿ ಮುಚ್ಚಿಕೊಂಡು, ಆ ಹಳೆಯ ನಗುವನ್ನು ಮುಖಕ್ಕೆ ತಂದುಕೊಳ್ಳಲು ಹೋದ.

"ರೀ, ನಗಬೇಡಿ" ಎಂದಳು ವಿಷಲ್ ಅಕ್ಕ, ಏದುಸಿರಿನ ನಡುವೆ. "ಮುಂದೆ ಹೇಳಿ. ಜೋರಾಗಿ ಹೇಳಿ. ಇಲ್ಲಿ ಯಾವನಿಗೂ ನಮ್ಮ ಭಾಷೆ ಬರಲ್ಲ."